ತೆಂಕಣ ಗೋಡೆಯ ಕಿಂಡಿ

"ತಟ್ಟೆ ಇನ್ನೊಂಚೂರು ಎಡಕ್ಕೆ ತಿರುಗ್ಸಮ್ಮ. ಹಾಂ, ಅಲ್ಲೇ. ಅಲ್ಲಾಡಿಸಬ್ಯಾಡ."

ಕಾಂಚನಾ ಸ್ಟೀಲ್ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಂಡಿಯ ಕೆಳಗೆ ನಿಂತಿದ್ದಳು. ಮಾಳಿಗೆಯ ತೂತಿನಿಂದ ಇಳಿದ ಬಿಸಿಲು ತಟ್ಟೆಗೆ ಬಡಿದು, ಹಗಲಲ್ಲೂ ಕತ್ತಲಿರುವ ನಡುಮನೆಯ ತೆಂಕಣ ಗೋಡೆಯ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಜಿಲಾನ್ ಬಾಷಾ ಚಾಕುವಿನಿಂದ ಸುಣ್ಣ ಕೆರೆಯುತ್ತಿದ್ದ.

"ಏನೈತೆ ಸಾಬ್ರೇ ಅಲ್ಲಿ?"

"ಏನೂ ಇಲ್ಲ. ಇದ್ರೆ ನಾನೇ ಹೇಳ್ತೀನಿ."

ಸುಳ್ಳು. ಇತ್ತು. ಬೆರಳ ಗೆಣ್ಣಿನಿಂದ ಬಡಿದಾಗಲೇ ಬಾಷಾಗೆ ಗೊತ್ತಾಗಿತ್ತು. ಎರಡು ಮೊಳ ದಪ್ಪದ ಕಲ್ಲುಗೋಡೆಗೆ ಬಡಿದರೆ ಬೆರಳು ನೋಯಬೇಕೇ ಹೊರತು ಸದ್ದು ಬರಬಾರದು. ಇಲ್ಲಿ ಅರ್ಧ ತುಂಬಿದ ಗಡಿಗೆ ತಟ್ಟಿದಂಥ ಸದ್ದು ಬಂದಿತ್ತು.

ನಾಳೆ ಬೆಳಿಗ್ಗೆ ಆಳುಗಳು ಬಂದು ಈ ಮನೆಯ ಮಾಳಿಗೆ ಇಳಿಸುತ್ತಾರೆ. ಅಷ್ಟರೊಳಗೆ ಕಾಂಚನಾಗೆ ಒಂದು ಸಂಗತಿ ಗೊತ್ತಾಗಬೇಕಿತ್ತು. ಇಪ್ಪತ್ತು ವರ್ಷದ ಹಿಂದೆ ಕಾಣೆಯಾದ ಅವಳ ಅಪ್ಪ ಪಾಲಣ್ಣ ನಿಜವಾಗಿಯೂ ಹೆಂಡತಿ ಮಗಳನ್ನು ಬಿಟ್ಟು ಹೋದನೇ, ಇಲ್ಲವೇ?

ಬಾಷಾ ಪೊಲೀಸನಲ್ಲ, ಪತ್ತೇದಾರನೂ ಅಲ್ಲ. ಚಳ್ಳಕೆರೆಯಲ್ಲಿ ಹಳೇ ಮನೆ ಬಿಚ್ಚಿ ಕಂಬ, ತೊಲೆ, ಬಾಗಿಲು ಮಾರುವ ವ್ಯಾಪಾರಿ. ಮೂವತ್ತು ವರ್ಷದಲ್ಲಿ ಇನ್ನೂರು ಮನೆಯಾದರೂ ಬಿಚ್ಚಿದ್ದಾನೆ. ನಾಲಿಗೆ ನೋಡಿ ರೋಗ ಹೇಳುವ ಡಾಕ್ಟರಂತೆ ಹೊಸಿಲು ನೋಡಿ ಮನೆಯವರ ಕಥೆ ಹೇಳಬಲ್ಲ. "ಮನುಷ್ಯ ಸುಳ್ಳು ಹೇಳ್ತಾನೆ, ತೊಲೆ ಹೇಳಲ್ಲ" ಎಂಬುದು ಅವನ ಮಾತು. ಆ ಮಾತಿಗೆ ನಗುತ್ತಿದ್ದ ಹೆಂಡತಿ ರಹಮತ್ ಬೀ ತೀರಿಕೊಂಡು ಮೂರು ವರ್ಷವಾಗಿತ್ತು. ಆಮೇಲಿಂದ ಅವನು ಮನುಷ್ಯರಿಗಿಂತ ಗೋಡೆಗಳ ಜೊತೆಗೇ ಹೆಚ್ಚು ಮಾತಾಡುತ್ತಿದ್ದ. ಗೋಡೆಗಳು ನಡುವೆ ಬಾಯಿ ಹಾಕುವುದಿಲ್ಲ ನೋಡಿ.

ಈ ಮನೆಯಂತೂ ಮಾತಾಡಿಸಲೇಬೇಕಾದಂಥದ್ದು. ಬಿ.ಜಿ. ಕೆರೆಯಿಂದ ಒಂದೂವರೆ ಮೈಲಿ ದೂರ. ಸುತ್ತ ಶೇಂಗಾ ಹೊಲ, ಆಚೆಗೆ ಬಂಡೆಗುಡ್ಡ, ನಡುವೆ ಇದೊಂದೇ ಮನೆ. ಕಾಂಚನಾಳ ಮುತ್ತಜ್ಜ ಚಿನ್ನಯ್ಯ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲಕ್ಕೆ ಬಂದವನು. ರೋಗ ಹೋದಮೇಲೆ ಉಳಿದವರೆಲ್ಲ ಗುಡಿಸಲು ಕಿತ್ತು ಊರಿಗೆ ಮರಳಿದರು. ಊರಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿ ಬಂದಿದ್ದ ಚಿನ್ನಯ್ಯ ಮರಳಲಿಲ್ಲ. ಇನ್ನೊಂದು ಮದುವೆಯಾದ. ಗುಡ್ಡದ ಕಲ್ಲು ಸೀಳಿಸಿ, ಕಮರದ ಮರ ಕಡಿಸಿ, ಹನ್ನೆರಡು ಅಂಕಣದ ಮನೆ ಎಬ್ಬಿಸಿದ.

ನಾಲ್ಕು ಕಂಬದ ನಡುವಿನ ಜಾಗ ಒಂದು ಅಂಕಣ. ಹನ್ನೆರಡು ಅಂಕಣವೆಂದರೆ ಮೂವತ್ತು ಜನ ಮತ್ತು ಹತ್ತು ಎತ್ತು ಒಂದೇ ಸೂರಿನಡಿ ಮಲಗಬಹುದು. ತಲೆಬಾಗಿಲು ದಾಟಿದರೆ ದನಕ್ಕೆ ಮೇವು ಹಾಕುವ ಗೋದಲಿ, ಒಂದು ಮೆಟ್ಟಿಲು ಮೇಲೆ ಪಡಸಾಲೆ, ಹಿಂದೆ ನಡುಮನೆ, ಮೂಲೆಗೆ ಅಡುಗೆಮನೆ. ಹೊರಗೋಡೆಗೆ ಕಿಟಕಿ ಎಂಬುದೇ ಇಲ್ಲ. ಕಳ್ಳಕಾಕರಿಗೆ ಹೆದರಿ ಕಟ್ಟಿದ ಮನೆ, ಬೆಳಕೂ ಮಾಳಿಗೆ ಹತ್ತಿಯೇ ಒಳಗೆ ಬರಬೇಕು.

ಆದರೆ ಮೂವತ್ತು ಜನ ಈ ಮನೆಗೆ ಯಾವತ್ತೂ ಆಗಲಿಲ್ಲ. ಕೊನೆಕೊನೆಗೆ ಕಾಂಚನಾ ಮತ್ತು ಅವಳ ಅವ್ವ ಸೂರಮ್ಮ ಇಬ್ಬರೇ. ಕಾಂಚನಾ ದಿನವೂ ಬಸ್ಸು ಹಿಡಿದು ನಾಯಕನಹಟ್ಟಿಗೆ ಹೋಗಿ ಹೈಸ್ಕೂಲಿನ ಹುಡುಗಿಯರಿಗೆ ಹೊಲಿಗೆ ಕಲಿಸಿ ಬರುತ್ತಿದ್ದಳು. ಎರಡು ತಿಂಗಳ ಹಿಂದೆ ಅವ್ವ ತೀರಿಕೊಂಡಳು. ಹನ್ನೆರಡು ಅಂಕಣದಲ್ಲಿ ಒಬ್ಬಳೇ ಉಂಡು ಒಬ್ಬಳೇ ಮಲಗಲು ಆಗಲಿಲ್ಲ. ಚಿಕ್ಕಪ್ಪ ಕ್ಯಾತಪ್ಪ ಮನೆ ಬಿಚ್ಚಿಸೋಣ ಅಂದಾಗ ಅವಳು ತಲೆಯಾಡಿಸಿದ್ದು ಅದಕ್ಕೇ.

ಅಪ್ಪನ ವಿಷಯಕ್ಕೆ ಊರಿನ ಬಳಿ ಒಂದು ಉತ್ತರ ತಯಾರಿತ್ತು. ಆಂಧ್ರದ ಕಡೆಯ ನಾಟಕ ಕಂಪನಿಯ ಹೆಂಗಸಿನ ಹಿಂದೆ ಹೋದ ಅಂತೆ. ಯಾವ ಕಂಪನಿ, ಯಾವ ಹೆಂಗಸು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಶಾಲೆಯಲ್ಲಿ ಅವಳು 'ಓಡಿಹೋದ ಪಾಲಣ್ಣನ ಮಗಳು'. ನೋಡಲು ಬಂದ ಎರಡು ಗಂಡಿನ ಕಡೆಯವರು ಅದೇ ಮಾತು ಕೇಳಿ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗಿದ್ದರು.

ಸುಣ್ಣ ಪದರ ಪದರವಾಗಿ ಉದುರಿತು. ಚಿನ್ನಯ್ಯನ ಕಾಲದ ಕಲ್ಲುಗಳು ಒಂದರ ಮೇಲೊಂದು ಹಲ್ಲು ಕಚ್ಚಿ ಕೂತಿದ್ದವು. ನಡುವೆ ಒಂದು ಕಡೆ ಸಾಲು ತಪ್ಪಿತ್ತು. ಅಲ್ಲಿಂದ ಎರಡೂವರೆ ಮೊಳ ಅಗಲಕ್ಕೆ ಕಲ್ಲೇ ಇಲ್ಲ, ಬರೀ ಹಸಿ ಇಟ್ಟಿಗೆ. ಆಚೆ ಮತ್ತೆ ಕಲ್ಲು.

"ಇಲ್ಲಿ ಬಾಗಿಲಿತ್ತಾ ಸಾಬ್ರೇ?"

"ಬಾಗಿಲಿದ್ರೆ ಮ್ಯಾಲೆ ಅಡ್ಡತೊಲೆ ಇರಬೇಕು. ಇಲ್ಲ. ಒಂದಿನದ ಕೆಲಸಕ್ಕೆ ಒಡೆದು, ಮತ್ತೆ ಮುಚ್ಚಿದಾರೆ."

"ಕಳ್ಳರು?"

"ಕಳ್ಳ ಕನ್ನ ಹಾಕಿದ್ರೆ ತಾನು ತೂರೋವಷ್ಟೇ ಕೊರೀತಾನೆ ಬೇಟಿ. ಇದು ಇಬ್ಬರು ಏನನ್ನೋ ಎತ್ಕೊಂಡು ದಾಟೋವಷ್ಟು ಐತೆ."

ಏನನ್ನು ಎಂಬುದು ಬಾಷಾಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಇಂಥ ಕಿಂಡಿಯನ್ನು ಅವನು ಈ ಸೀಮೆಯ ಐದಾರು ಮನೆಗಳಲ್ಲಿ ನೋಡಿದ್ದ, ಎಲ್ಲವೂ ತೆಂಕಣ ಗೋಡೆಯಲ್ಲೇ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಹೆಣವನ್ನು ತಲೆಬಾಗಿಲಿಂದ ಹೊರಗೆ ತರುವಂತಿಲ್ಲ. ತಂದರೆ ಅದೇ ಬಾಗಿಲಿಂದ ಇನ್ನಷ್ಟು ಹೆಣ ಹೋಗುತ್ತವೆ ಎಂದು ನಂಬಿಕೆ. ಗೋಡೆ ಒಡೆದು ತೆಗೆಯಬೇಕು, ಆಮೇಲೆ ಬಾಗಿಲಿಗೆ ಮುಳ್ಳು ಬಡಿದು ಮೂರು ತಿಂಗಳು ಮನೆ ಬಿಡಬೇಕು.

ಆ ಐದಾರು ಮನೆಗಳಲ್ಲಿ ಯಾರ ಹೆಣ, ಯಾವ ವರ್ಷ ಎಂದು ಕೇಳಿದರೆ ಬೀದಿಯ ಅಜ್ಜಿಯರೆಲ್ಲ ಹೇಳುತ್ತಿದ್ದರು. ಈ ಕಿಂಡಿಯ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚಿರಲಿಲ್ಲ.

ಕೊನೆಗೆ ಬಾಷಾ ಇದನ್ನು ಅವಳಿಗೆ ಮೆಲ್ಲಗೆ ಹೇಳಿದ. ಕಾಂಚನಾ ತಟ್ಟೆ ಕೆಳಗಿಳಿಸಿದಳು. ಗೋಡೆ ಮತ್ತೆ ಕತ್ತಲಾಯಿತು.

"ನಮ್ಮನೇಲಿ ಹಂಗೆ ಯಾರ್ನೂ ತೆಗೆದಿಲ್ಲ" ಅಂದಳು. ಮರುಗಳಿಗೆಯೇ, "ಮುಳ್ಳು ಅಂದ್ರಾ?" ಅಂದಳು.

"ಹೂಂ."

"ನಾನು ಆರು ವರ್ಷದೋಳಿದ್ದಾಗ ಬಾಗಿಲಿಗೆ ಜಾಲಿ ಮುಳ್ಳು ಬಡಿದಿದ್ರು. ಎಲ್ಲಾರೂ ಹೊಲದ ಗುಡಿಸಲಾಗೆ ಇದ್ವಿ. ಮನೇಲಿ ಚೇಳು ಜಾಸ್ತಿ ಆಗ್ಯಾವೆ ಅಂತ ಅವ್ವ ಹೇಳಿದ್ಲು. ಅಪ್ಪ ಹೋದ ಹೊಸದು ಅದು. ಅಪ್ಪ ವಾಪಸ್ ಬಂದು ಬಾಗಿಲು ಹಾಕಿರೋದು ನೋಡಿ ತಿರುಗಿ ಹೋಗ್ತಾನೇನೋ ಅಂತ ನಾನು ದಿನಾ ಬಂದು ಕಟ್ಟೆ ಮ್ಯಾಲೆ ಕೂತಿರ್ತಿದ್ದೆ."

ಆರು ವರ್ಷದ ಕೂಸು ಮುಳ್ಳು ಬಡಿದ ಬಾಗಿಲ ಮುಂದೆ ಕೂತಿದ್ದನ್ನು ನೆನೆದು ಬಾಷಾಗೆ ಸಂಕಟವಾಯಿತು. ಆದರೆ ಸಂಕಟ ಸಾಕ್ಷಿಯಾಗುವುದಿಲ್ಲ.

"ಬಾ, ಮಾಳಿಗೆ ಮ್ಯಾಲೆ ಹೋಗಾಣ. ಆರು ವರ್ಷದ ಮಕ್ಕಳ ನೆನಪು ತಪ್ಪಬಹುದು. ಕರಲು ಮಣ್ಣಿಗೆ ಲೆಕ್ಕ ತಪ್ಪಲ್ಲ."

ಮಣ್ಣಿನ ಮಾಳಿಗೆಗೆ ಪ್ರತಿ ಬೇಸಿಗೆ, ಮುಂಗಾರಿಗೆ ಮುಂಚೆ, ಕರಲು ಮಣ್ಣು ಹರಡಿ ತುಳಿಯಬೇಕು. ಉಪ್ಪುಪ್ಪಾದ ಬಿಳಿ ಮಣ್ಣು ಅದು, ನೀರು ಇಳಿಯಲು ಬಿಡುವುದಿಲ್ಲ, ಹುಲ್ಲು ಹುಟ್ಟಲು ಬಿಡುವುದಿಲ್ಲ. ವರ್ಷಕ್ಕೆ ಒಂದೇ ಪದರ. ಮಾಳಿಗೆಯ ಭಾರ ಎಷ್ಟಿದೆ ಎಂದು ನೋಡಲು ಬಾಷಾ ಬೆಳಿಗ್ಗೆ ಅಲ್ಲೊಂದು ಗುಂಡಿ ತೋಡಿಸಿದ್ದ. ಬಿಸಿಲು ನೆತ್ತಿ ಸುಡುತ್ತಿತ್ತು. ಇಬ್ಬರೂ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಮ್ಯಾಲಿಂದು ಹೋದ ವರ್ಷದ್ದು, ಎರಡು ಸಾವಿರದ್ದು. ಎಣಿಸು."

ಕಾಂಚನಾ ಸೂಜಿ ಹಿಡಿದು ಪಳಗಿದ ಬೆರಳಿನಿಂದ ಪದರ ಪದರ ಮುಟ್ಟಿ ಎಣಿಸಿದಳು. ಹತ್ತೊಂಬತ್ತು ಬಿಳಿ ಗೆರೆ. ಅದರ ಕೆಳಗೆ ಬಿಳಿ ಇರಲಿಲ್ಲ. ಕಪ್ಪಾದ ಧೂಳು, ಒಣಗಿದ ಹುಲ್ಲಿನ ಬೇರು, ನೀರು ಇಳಿದ ಕಲೆ. ಅದರ ಕೆಳಗೆ ಮತ್ತೆ ಬಿಳಿ, ಚಿನ್ನಯ್ಯನ ಕಾಲದವರೆಗೂ ಬಿಳಿ.

"ಹತ್ತೊಂಬತ್ತನೇದು ಎಂಬತ್ತೆರಡು" ಅಂದ ಬಾಷಾ. "ಎಂಬತ್ತೊಂದರ ಬೇಸಿಗೇಲಿ ಈ ಮನೆಗೆ ಯಾರೂ ಕರಲು ಹಾಕಿಲ್ಲ. ಅಷ್ಟು ವರ್ಷದಾಗೆ ಅದೊಂದೇ ವರ್ಷ."

"ಅಪ್ಪ ಹೋಗಿದ್ದು ಎಂಬತ್ತೊಂದರ ಯುಗಾದಿ ಆದ್ಮೇಲೆ."

ಅವಳು ಎದ್ದು ನಿಂತು ಹೊಲದ ಕಡೆ ತಿರುಗಿದಳು. ದೂರದ ರಸ್ತೆಯಲ್ಲಿ ಚಳ್ಳಕೆರೆ ಬಸ್ಸು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅದು ಮರೆಯಾಗುವವರೆಗೂ ನೋಡಿದಳು.

"ಹಂಗಾದ್ರೆ ಅಪ್ಪ ನಮ್ಮನ್ನ ಬಿಟ್ಟು ಹೋಗಿರಲಿಲ್ಲ ಸಾಬ್ರೇ. ಇಲ್ಲೇ ಸತ್ತಿದ್ದ."

ಅಳುತ್ತಿದ್ದಳು, ನಗುತ್ತಲೂ ಇದ್ದಳು. ಇಪ್ಪತ್ತು ವರ್ಷ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಇಳಿಸಿದ ಹಾಗಿತ್ತು ಆ ಮುಖ.

"ಎಷ್ಟು ಬೈದಿದ್ದೆ ಗೊತ್ತಾ? ಹಬ್ಬಕ್ಕೊಂದು ಸಲ ಬೈದಿದೀನಿ. ಮಗಳಿಗಿಂತ ನಾಟಕದೋಳು ಹೆಚ್ಚಾದ್ಲಾ ಅಂತ. ಪಾಪ, ಸತ್ತೋನನ್ನ ಬೈದೆ."

ಬಾಷಾ ತನ್ನ ಟವಲ್ ತೆಗೆದು ಅವಳ ಕೈಗೆ ಕೊಟ್ಟ. ಇಲ್ಲಿಗೇ ನಿಲ್ಲಿಸಿಬಿಡೋಣ ಅನ್ನಿಸಿತು ಅವನಿಗೆ. ತನಗೂ ವಯಸ್ಸಾಯಿತು, ಮರ ಹೇರಿಕೊಂಡು ಊರಿಗೆ ಹೋದರಾಯಿತು. ಆದರೆ ಗೋಡೆಯಲ್ಲಿ ಅವನು ಇನ್ನೊಂದು ಗುರುತು ನೋಡಿದ್ದ. ಅದನ್ನು ಅವಳಿಗೆ ತೋರಿಸದೆ ಹೋದರೆ ಅದೂ ಒಂದು ಸುಳ್ಳೇ.

ಕೆಳಗಿಳಿದು ಮತ್ತೆ ತಟ್ಟೆ ಹಿಡಿಸಿದ. ಸುಣ್ಣದ ಕೆಳಗಿನ ಮಣ್ಣಿನ ಗಿಲಾವಿನಲ್ಲಿ ಕಮಾನು ಕಮಾನಾಗಿ ಅಂಗೈ ಎಳೆದ ಗುರುತು, ಅದರ ಬದಿಗೆ ಕೂದಲೆಳೆಯಂಥ ಗೀರುಗಳು.

"ಗಂಡಸಾದ್ರೆ ಹಲಗೆ ಹಿಡಿದು ತೀಡ್ತಾನೆ. ಹೆಂಗಸು ಅಂಗೈಯಾಗೆ ಸಾರಿಸ್ತಾಳೆ. ಈ ಗೀರು ಗಾಜಿನ ಬಳೇದು. ಆಗ ಮನೇಲಿ ಯಾವ ಹೆಂಗಸರಿದ್ರು?"

"ಅವ್ವ. ಅಜ್ಜಿ ಪಾತಮ್ಮ. ಅಜ್ಜಿ ಬಳೆ ತೊಡ್ತಿರಲಿಲ್ಲ, ತಾತ ಮೊದಲೇ ತೀರಿಕೊಂಡಿದ್ದ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ಅರ್ಥವಾಯಿತು. ಕೈಯೆತ್ತಿ ಆ ಗೀರುಗಳ ಮೇಲೆ ಇಟ್ಟಳು.

"ಅವ್ವಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಪಕ್ಕದಾಗೇ ಮಲಗ್ತಿದ್ಲಾ ಇಷ್ಟು ವರ್ಷ?" ಆಮೇಲೆ ಸಿಟ್ಟಿನಲ್ಲಿ ಅಂದಳು: "ಗೊತ್ತಿದ್ದೂ ಸಾಯೋತನ ಬಳೆ ತೆಗೀಲಿಲ್ಲ, ಕುಂಕುಮ ಅಳಿಸಲಿಲ್ಲ. ಅವಳ ಮಣ್ಣಿನ ದಿನ ಅದಕ್ಕೇ ಜಗಳ ಆಯ್ತು. ಗಂಡ ಇದಾನೋ ಇಲ್ಲವೋ ಗೊತ್ತಿಲ್ಲದೋಳಿಗೆ ಹೆಂಗೆ ಕುಂಕುಮ ಇಡ್ತೀರಿ ಅಂದ್ರು ಊರೋರು. ಚಿಕ್ಕಪ್ಪನೇ ಹಟ ಹಿಡಿದು ಮುತ್ತೈದೆ ಥರಾ ಕಳಿಸಿದ."

"ಯಾರು, ಕ್ಯಾತಪ್ಪನೋರಾ?"

"ಹೂಂ."

ಬಾಷಾ ಚಾಕು ಮಡಚಿದ. ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿ ನೋಡುವಷ್ಟರಲ್ಲಿ ಹೊರಗೆ ಮೊಪೆಡ್ ಬಂದು ನಿಂತ ಸದ್ದಾಯಿತು.

"ಏನ್ರಿ ಸಾಬ್ರೇ, ಎಲ್ಲಿದೀರಿ? ಕಂಬ ತೊಲೆಗೆ ನಂಬರು ಹಾಕಿದ್ದು ಮುಗೀತಾ?"

ಕ್ಯಾತಪ್ಪ ಐವತ್ತರ ಆಸುಪಾಸಿನ ಗಟ್ಟಿ ಆಳು. ಬಗ್ಗಿ ಹೊಸಿಲು ದಾಟಿ, ಹೊಸಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನಡುಮನೆಗೆ ಬಂದ. ಕೆರೆದ ಗೋಡೆ ಕಂಡದ್ದೇ ಅಲ್ಲೇ ನಿಂತ.

"ಯಾರು ಮುಟ್ಟು ಅಂದ್ರು ಅದನ್ನ? ನಿಮಗೆ ಕೊಟ್ಟಿರೋದು ಮರ. ಗೋಡೆ ಉಸಾಬರಿ ನಿಮಗ್ಯಾಕೆ? ಅದರಾಗೆ ಏನೂ ಇಲ್ಲ!"

"ಐತೆ ಅಂತ ನಾನು ಇನ್ನೂ ಹೇಳೇ ಇಲ್ವಲ್ಲ ಕ್ಯಾತಪ್ಪನೋರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಂಡಾಗಿತ್ತು. ಕ್ಯಾತಪ್ಪ ಟವಲಿನಿಂದ ಕುತ್ತಿಗೆ ಒರೆಸಿಕೊಂಡ.

"ನಮ್ಮವ್ವ ಸತ್ತಾಗ ಒಡೆದಿದ್ದು. ನಕ್ಷತ್ರ ಸರಿ ಇರಲಿಲ್ಲ. ಅದರಾಗೇನು ಗುಟ್ಟು?"

"ಅಜ್ಜಿ ಸತ್ತಾಗ ನಾನು ಎಂಟನೇ ಕ್ಲಾಸು ಚಿಕ್ಕಪ್ಪ." ಕಾಂಚನಾ ಮುಂದೆ ಬಂದಳು. "ತಲೆಬಾಗಿಲಿಂದ್ಲೇ ತಂದ್ರಿ. ಅಜ್ಜಿ ಹೋದ್ಮೇಲೆ ಮನೆ ಸಾರಿಸಿದೋಳು ನಾನೇ. ಯಾವ ಮುಳ್ಳೂ ಬಡೀಲಿಲ್ಲ. ಅವತ್ತೇ ಸಂಜೆ ಇದೇ ಮನೇಲಿ ದೀಪ ಹಚ್ಚಿದ್ವಿ."

ಕ್ಯಾತಪ್ಪ "ಅಯ್ಯೋ ದೇವುಡಾ" ಎಂದು ತೆಲುಗಿನಲ್ಲಿ ಗೊಣಗಿಕೊಂಡು ಕಂಬಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟ. ಇಪ್ಪತ್ತು ವರ್ಷ ಕಾಯ್ದುಕೊಂಡಿದ್ದು ಎರಡು ಮಾತಿಗೆ ಕುಸಿದಿತ್ತು.

ಕಾಂಚನಾ ಅವನ ಮುಂದೆ ಮಂಡಿಯೂರಿದಳು.

"ಪೊಲೀಸು ಗಿಲೀಸು ಆಮೇಲೆ. ನಂಗೆ ಒಂದೇ ಹೇಳು. ಅಪ್ಪನ್ನ ಎಲ್ಲಿ ಮಣ್ಣು ಮಾಡಿದ್ರಿ? ಕೊಂದೋರು ಯಾರಾದ್ರೂ ಆಗ್ಲಿ. ನೀನೇ ಆಗ್ಲಿ. ಜಾಗ ತೋರ್ಸು. ಒಂದು ಹೂವಾದ್ರೂ ಇಟ್ಟು, ಬೈದಿದ್ದು ತಪ್ಪಾಯ್ತಪ್ಪ ಅಂತ ಹೇಳಿ ಬರ್ತೀನಿ."

ಕ್ಯಾತಪ್ಪ ಅವಳ ಮುಖ ನೋಡಲಾರದೆ ಕಣ್ಣು ತಪ್ಪಿಸಿದ. ಆ ಕಣ್ಣಲ್ಲಿದ್ದದ್ದು ಭಯವಲ್ಲ ಎಂದು ಬಾಷಾಗೆ ಅನ್ನಿಸಿತು. ಕನಿಕರ. ಕೊಲೆ ಮಾಡಿದವನಿಗೆ ಕನಿಕರ ಯಾಕೆ ಬರುತ್ತದೆ? ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಆಗ ಹೊರಗೆ ಬಂತು.

"ತಡಿ ಬೇಟಿ" ಅಂದ. "ಕ್ಯಾತಪ್ಪನೋರೆ, ಈಗಷ್ಟೇ ಹೊಸಿಲು ಮುಟ್ಟಿ ಒಳಗೆ ಬಂದ್ರಿ. ನಾಳೆ ಬಿಚ್ಚೋ ಮನೆ ಹೊಸಿಲು ಅದು. ಅಷ್ಟು ಮಡಿ ನಿಮ್ಮದು. ಕದ್ದು ಹೆಣ ಸಾಗಿಸೋವಾಗ್ಲೂ ನಕ್ಷತ್ರಕ್ಕೆ ಹೆದರಿ ಗೋಡೆ ಒಡೆದ್ರಿ. ಬೇರೆ ಯಾರಾದ್ರೂ ಆಗಿದ್ರೆ ಬಾಗಿಲಾಗೆ ಎಳ್ಕೊಂಡು ಹೋಗಿ ಈ ಗುರುತೇ ಇಲ್ಲದಂಗೆ ಮಾಡ್ತಿದ್ದ."

ಕ್ಯಾತಪ್ಪ ಕೆರೆದ ಗೋಡೆಯ ಕಡೆ ನೋಡಿದ. ಬಾಷಾ ಬಿಡಲಿಲ್ಲ.

"ಅಂಥೋರು, ಗಂಡ ಸತ್ತೋಳಿಗೆ ಕುಂಕುಮ ಇಟ್ಟು ಮುತ್ತೈದೆ ಮಣ್ಣು ಕೊಟ್ರಾ? ಊರೆಲ್ಲಾ ಬ್ಯಾಡ ಅಂದ್ರೂ?"

ಕಾಂಚನಾ ಒಮ್ಮೆ ಬಾಷಾನನ್ನು, ಒಮ್ಮೆ ಚಿಕ್ಕಪ್ಪನನ್ನು ನೋಡಿದಳು. ಆ ಪ್ರಶ್ನೆಯ ಅರ್ಥ ಅವಳ ಮುಖದಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಕೇಳಬಾರದಿತ್ತು ಅನ್ನಿಸಿತು ಬಾಷಾಗೆ. ಮಾಳಿಗೆಯ ಮೇಲೆ ಅತ್ತು ನಕ್ಕ ಮುಖದ ನೆಮ್ಮದಿಯನ್ನು ಅವನೇ ತನ್ನ ಕೈಯಾರೆ ಕಿತ್ತುಕೊಳ್ಳುತ್ತಿದ್ದ.

"ಸಾಬ್ರೇ, ನೀವು ಮರ ಬಿಟ್ಟು ಕರೀ ಕೋಟು ಹಾಕ್ಕೋಬೇಕಿತ್ತು" ಎಂದ ಕ್ಯಾತಪ್ಪ ಕೊನೆಗೆ. "ಕಿಂಡಿಯಿಂದ ಹೆಣ ಹೋಗಿದ್ದು ನಿಜ. ತಲೆ ಕಡೆ ನಾನು ಹಿಡಿದಿದ್ದೆ. ಕಾಲ ಕಡೆ ಹಿಡಿದೋನು ಇವರಪ್ಪ."

"ಹೆಣ ಯಾರದ್ದು?" ಬಾಷಾ ಕೇಳಿದ.

ಕ್ಯಾತಪ್ಪ ತಲೆಯಾಡಿಸಿದ. ಸಾಯುತ್ತೇನೆಯೇ ಹೊರತು ಅದನ್ನು ಹೇಳುವುದಿಲ್ಲ ಎಂಬ ಹಾಗೆ ತುಟಿ ಬಿಗಿದ.

ಕಾಂಚನಾಗೆ ಆ ಪ್ರಶ್ನೆ ಬೇಕಿರಲಿಲ್ಲ. ಅವಳು ಕೇಳಿದ್ದು ಬೇರೆ, ಅದೂ ಎಷ್ಟು ಮೆಲ್ಲಗೆಂದರೆ ಬಾಷಾಗೆ ಅರ್ಧ ಮಾತ್ರ ಕೇಳಿಸಿತು.

"ಹಂಗಾದ್ರೆ ಅಪ್ಪ... ಇದಾನಾ?"

"ಇದಾನೆ. ಆ ಹೆಣದ ಸಲುವಾಗೇ ಊರು ಬಿಟ್ಟಿದ್ದು."

"ನೀನು ನೋಡಿದೀಯಾ?"

"ನಿಮ್ಮವ್ವನ ಮಣ್ಣಿಗೆ ಬಂದಿದ್ದ ಕಣವ್ವ." ಕ್ಯಾತಪ್ಪನ ಕಣ್ಣಲ್ಲಿ ನೀರಿತ್ತು. "ಗಡ್ಡ ಬಿಟ್ಟವ್ನೆ, ತಲೆಗೆ ಟವಲ್ ಸುತ್ತಿದ್ದ. ಯಾರಿಗೂ ಗುರುತು ಹತ್ತಲಿಲ್ಲ. ಮಣ್ಣು ಮುಗಿಸ್ಕೊಂಡು ಬಂದೋರಿಗೆಲ್ಲಾ ಬಾಗಿಲಾಗೆ ನಿಂತು ನೀರು ಕೊಡ್ತಿದ್ದೋಳು ನೀನೇ. ಅವನಿಗೂ ಕೊಟ್ಟೆ. ಕುಡಿದು ಚೊಂಬು ನಿನ್ನ ಕೈಗೇ ಕೊಟ್ಟು ಹೋದ."

ಕಾಂಚನಾ ಎದ್ದು ತಲೆಬಾಗಿಲಿಗೆ ನಡೆದಳು. ಅವತ್ತು ನಿಂತ ಜಾಗದಲ್ಲೇ ಹೋಗಿ ನಿಂತಳು. ತುಟಿ ಅಲ್ಲಾಡುತ್ತಿತ್ತು. ಅವತ್ತು ಬಂದವರನ್ನು ಒಬ್ಬೊಬ್ಬರಾಗಿ ನೆನೆಸಿಕೊಳ್ಳುತ್ತಿದ್ದಾಳೆಂದು ಬಾಷಾಗೆ ತಿಳಿಯಿತು.

ಕೊನೆಗೆ ಅವಳು ತಿರುಗಿದಳು.

"ಯಾರ ಮುಖಾನೂ ನೋಡಿರಲಿಲ್ಲ ಸಾಬ್ರೇ" ಅಂದಳು. "ಬರೀ ಕೈ ನೋಡಿ ಕೊಡ್ತಿದ್ದೆ."